ಕಾಸರಗೋಡಿನ ಕನ್ನಡ ಹೈಸ್ಕೂಲು: ಹತ್ತು ಮುಗಿಸಿ ಹೊರಡುವವರ ಮೂರು ವರ್ಷ

ಹತ್ತನೇ ಕ್ಲಾಸಿನ ಸೆಂಡ್ ಆಫ್ ದಿನ ಕಾಸರಗೋಡಿನ ಮಕ್ಕಳು ಅಷ್ಟೊಂದು ಅಳುವುದೇಕೆ ಎಂದು ಘಟ್ಟದ ಮೇಲಿನವರು ಕೇಳುವುದುಂಟು. ಗೆಳೆಯರು ಅಗಲುವ ದುಃಖ ಎಲ್ಲ ಕಡೆಯೂ ಇದ್ದದ್ದೇ. ಇಲ್ಲಿ ಅದರ ಜೊತೆಗೆ, ಹತ್ತು ಮುಗಿದರೆ ಕನ್ನಡದಲ್ಲಿ ಪಾಠ ಕೇಳುವುದೂ ಮುಗಿಯಿತು. ಹನ್ನೊಂದನೇ ಕ್ಲಾಸಾದ ಪ್ಲಸ್ ವನ್‌ನಿಂದ ಪಾಠವೆಲ್ಲ ಇಂಗ್ಲಿಷು. ಕನ್ನಡ ಉಳಿದರೆ ಎರಡನೇ ಭಾಷೆಯಾಗಿ ಉಳಿಯುತ್ತದೆ.

ಕೇರಳದಲ್ಲಿ ಹೈಸ್ಕೂಲು ಎಂದರೆ ಎಂಟು, ಒಂಬತ್ತು, ಹತ್ತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಒಂದೇ ಶಾಲೆಯೊಳಗೆ ಕನ್ನಡ ಡಿವಿಷನ್, ಮಲಯಾಳ ಡಿವಿಷನ್ ಬೇರೆಬೇರೆ ಇರುವುದು ಸಾಮಾನ್ಯ. ಕನ್ನಡ ಡಿವಿಷನ್ನಿನ ಮಕ್ಕಳ ಮನೆಮಾತು ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ ಯಾವುದೂ ಆಗಿರಬಹುದು. ಕ್ಲಾಸಿನಲ್ಲಿ ಪುಸ್ತಕದ ಕನ್ನಡ, ಅಂಗಳದಲ್ಲಿ ತುಳು, ಬಸ್ಸಿನ ಕಂಡಕ್ಟರ್ ಹತ್ತಿರ ಮಲಯಾಳ. ಎಂಟರವರೆಗೆ ಮಧ್ಯಾಹ್ನದ ಊಟದ ಯೋಜನೆ ಇದೆ, ಒಂಬತ್ತಕ್ಕೆ ಬಂದರೆ ಬುತ್ತಿ. ಶುಕ್ರವಾರ ಜುಮಾ ನಮಾಜಿಗಾಗಿ ಮಧ್ಯಾಹ್ನದ ಬಿಡುವು ಉದ್ದ. ಪುತ್ತೂರಿನ ನೆಂಟರ ಮಕ್ಕಳು ದಸರಾ ರಜೆಯಲ್ಲಿ ಬಂದರೆ ನಮ್ಮವರು ಕ್ಲಾಸಿನಲ್ಲಿರುತ್ತಾರೆ; ನಮ್ಮವರ ಓಣಂ ರಜೆಗೆ ಅವರು ಸಿಗುವುದಿಲ್ಲ. ಒಟ್ಟಿಗೆ ಸೇರುವುದು ಬೇಸಗೆಯಲ್ಲಿ ಮಾತ್ರ.

ಕರ್ನಾಟಕದವರಿಗೆ ಅರ್ಥವಾಗದ್ದು ನಮ್ಮ ಎಸ್ಸೆಸ್ಸೆಲ್ಸಿ. ನಿಮ್ಮಲ್ಲಿ 625ಕ್ಕೆ ಎಷ್ಟು ಎಂದು ಕೇಳುತ್ತಾರೆ, ಇಲ್ಲಿ ‘ಎಷ್ಟು ಎ ಪ್ಲಸ್?’ ಎನ್ನುತ್ತಾರೆ. ವಿಷಯ ಹತ್ತು: ಕನ್ನಡವೇ ಎರಡು ಪೇಪರು, ಆಮೇಲೆ ಇಂಗ್ಲಿಷ್, ಹಿಂದಿ, ಸಮಾಜ, ಗಣಿತ, ಭೌತ, ರಸಾಯನ, ಜೀವಶಾಸ್ತ್ರ, ಐಟಿ. ಇಂಗ್ಲಿಷ್, ಸಮಾಜ, ಗಣಿತಕ್ಕೆ 80 ಅಂಕದ ಬರಹ, 20 ಅಂಕದ ಸಿಇ. ಉಳಿದವಕ್ಕೆ 40 ಮತ್ತು 10. ಸಿಇ ಎಂದರೆ ವರ್ಷವಿಡೀ ಮಾಡಿದ ಪ್ರಾಜೆಕ್ಟು, ಸೆಮಿನಾರು, ಕ್ಲಾಸ್ ಟೆಸ್ಟಿನ ಲೆಕ್ಕ. ಐಟಿಯ 40 ಅಂಕದ ಪರೀಕ್ಷೆ ಕಂಪ್ಯೂಟರಿನ ಮುಂದೆಯೇ, ಅದೂ ವಿಂಡೋಸ್ ಅಲ್ಲದ ಉಬುಂಟು ಎಂಬ ತಂತ್ರಾಂಶದಲ್ಲಿ. 90ರ ಮೇಲೆ ಎ ಪ್ಲಸ್. ಮುಂದೆ ಓದಲು ಪ್ರತಿ ವಿಷಯದಲ್ಲೂ ಡಿ ಪ್ಲಸ್, ಅಂದರೆ ಶೇ. 30 ಬೇಕು. ಇಷ್ಟು ವರ್ಷ ಸಿಇ ಅಂಕ ಹಲವರನ್ನು ದಾಟಿಸುತ್ತಿತ್ತು. ಬರಹದಲ್ಲೇ ಶೇ. 30 ಬರಬೇಕೆಂಬ ನಿಯಮವನ್ನು 2024-25ರಲ್ಲಿ ಎಂಟಕ್ಕೆ ತಂದರು, ಆಮೇಲೆ ಒಂಬತ್ತಕ್ಕೆ, 2026-27ಕ್ಕೆ ಹತ್ತಕ್ಕೂ ಎಂದು ತೀರ್ಮಾನ. 80ರಲ್ಲಿ 24, 40ರಲ್ಲಿ 12.

ಪ್ರಶ್ನೆಪತ್ರಿಕೆ ಕೊಟ್ಟ ಮೇಲೆ 15 ನಿಮಿಷ ಕೂಲ್ ಆಫ್ ಟೈಮ್, ಓದಬಹುದು, ಬರೆಯುವಂತಿಲ್ಲ. ಕನ್ನಡದ ಮಕ್ಕಳಿಗೆ ಈ ಹೊತ್ತು ಬೇಕೇ ಬೇಕು, ಏಕೆಂದರೆ ಪ್ರಶ್ನೆಗಳು ಅನುವಾದವಾಗಿ ಬಂದವು. ವಾಕ್ಯ ತಿರುಚಿಕೊಂಡೋ ಪಾರಿಭಾಷಿಕ ಪದ ಬದಲಾಗಿಯೋ ಇರುತ್ತದೆ. ಅನುಭವಿ ಟೀಚರುಗಳು ಒಂಬತ್ತರಿಂದಲೇ ವಿಜ್ಞಾನದ ಪ್ರತಿ ಪದಕ್ಕೂ ಇಂಗ್ಲಿಷ್ ಹೆಸರನ್ನು ಪಕ್ಕದಲ್ಲಿ ಬರೆಸುತ್ತಾರೆ. ಇದು ಪ್ಲಸ್ ವನ್ನಿಗೂ ಆಗುತ್ತದೆ. ಮಂಗಳೂರಿನಲ್ಲಿ ಸಿಗುವ ಕನ್ನಡ ಗೈಡು ತಂದು ಓದಿಸುವ ತಂದೆತಾಯಿ ಇದ್ದಾರೆ. ಪಠ್ಯವೇ ಬೇರೆಯಾದ್ದರಿಂದ ದುಡ್ಡು ದಂಡ. ಇದಕ್ಕಿಂತ ದೊಡ್ಡ ಪೆಟ್ಟು, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಡಿವಿಷನ್ನಿಗೆ ನೇಮಿಸುವುದು. ಮಕ್ಕಳೇ ಗೇಟಿನ ಹೊರಗೆ ಕೂತು ಪ್ರತಿಭಟಿಸಿದ್ದುಂಟು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪಾಠ ಹೇಳಿದ ಊರಿನ ಆಸುಪಾಸಿನಲ್ಲಿ ಇದನ್ನು ನೋಡಬೇಕಾಗಿದೆ.

ಹಳೆ ವಿದ್ಯಾರ್ಥಿಗಳು ಕೂತು ಮಾತಾಡಿದರೆ ಮೊದಲು ಬರುವುದು ಕಲೋತ್ಸವ, ಅಂದರೆ ಶಾಲಾ ಮಕ್ಕಳ ಕಲಾ ಸ್ಪರ್ಧೆ. ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ನಾಲ್ಕು ಮೆಟ್ಟಿಲು. ಯಕ್ಷಗಾನವೂ ಕನ್ನಡ ಭಾಷಣ, ಕವಿತೆ ವಾಚನವೂ ಸ್ಪರ್ಧೆಯಲ್ಲಿವೆ. ವೇಷ, ಬಣ್ಣ, ಹಿಮ್ಮೇಳಕ್ಕೆ ಖರ್ಚು ದೊಡ್ಡದು, ಪಿಟಿಎ ಕೈಹಿಡಿಯದಿದ್ದರೆ ತಂಡ ಉಪಜಿಲ್ಲೆಯಲ್ಲೇ ನಿಲ್ಲುತ್ತದೆ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿಗೇ ಬಂದಾಗ ಪ್ರಯಾಣದ ಚಿಂತೆ ಇರಲಿಲ್ಲ. ಬೇರೆ ವರ್ಷ ಕೇರಳದ ಆ ತುದಿಗೂ ಹೋಗಬೇಕಾದೀತು.

ಹೊರಡುವ ಮೊದಲು ಒಂದು ಕಾಗದದ ಕೆಲಸ ಇದೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಅಚ್ಚಾಗುವ ಹೆಸರು, ಇನಿಷಿಯಲ್, ಹುಟ್ಟಿದ ದಿನ ಎಲ್ಲ ಶಾಲೆಯಲ್ಲಿ ಮಕ್ಕಳ ವಿವರ ಇಡುವ ‘ಸಂಪೂರ್ಣ’ ಎಂಬ ತಂತ್ರಾಂಶದಿಂದ ಹೋಗುತ್ತವೆ. ಮುದ್ರಿಸಿ ಸಹಿಗೆ ಕೊಟ್ಟಾಗ ಆಧಾರ್ ಪಕ್ಕದಲ್ಲಿಟ್ಟು ನೋಡದೆ ಸಹಿ ಹಾಕಿದರೆ, ಆಮೇಲೆ ತಿರುವನಂತಪುರದ ಪರೀಕ್ಷಾಭವನಕ್ಕೆ ಅರ್ಜಿ.

ಮತ್ತೆ ಏಕಜಾಲಕ, ಅಂದರೆ ಪ್ಲಸ್ ವನ್ ಸೇರಲು ಎಲ್ಲ ಶಾಲೆಗೂ ಸೇರಿ ಹಾಕುವ ಒಂದೇ ಅರ್ಜಿ. ಪ್ಲಸ್ ವನ್ನಿನ ಆಪ್ಷನ್ ಕೊಡುವಾಗ ಆ ಶಾಲೆಯಲ್ಲಿ ಕನ್ನಡ ಎರಡನೇ ಭಾಷೆಯಾಗಿ ಇದೆಯೇ ಎಂದು ಮೊದಲು ನೋಡಬೇಕು. ಹತ್ತಿರದ ಶಾಲೆ ಎಂದು ಮೇಲೆ ಹಾಕಿ ಕೊನೆಗೆ ಹಿಂದಿಯನ್ನೋ ಮಲಯಾಳವನ್ನೋ ಕಟ್ಟಿಕೊಂಡವರು ಪ್ರತಿ ವರ್ಷ ಸಿಗುತ್ತಾರೆ. ವ್ಯಾಸಂಗ ಪತ್ರದಲ್ಲಿ ಕನ್ನಡ ಮಾಧ್ಯಮ ಎಂದು ಬರೆಸಿ ಎರಡು ಪ್ರತಿ ತೆಗೆದಿಡಿ. ಮುಂದೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ಸೀಟು ಕೇಳಲು ದಾಖಲೆ ಬೇಕು. ಜೊತೆಗೊಂದು ಕನ್ನಡ ಪರೀಕ್ಷೆಯನ್ನೂ ಬರೆಸುತ್ತಾರೆ, ಹತ್ತು ವರ್ಷ ಕನ್ನಡದಲ್ಲೇ ಗಣಿತ ಮಾಡಿದವರಿಗೂ.