ಇಂಗ್ಲೆಂಡಿನ ಸ್ವಿಂಡನ್ ರೈಲ್ವೆ ವಿಲೇಜ್ ನೋಡುವಂಥದ್ದಾ? ಬರೀ ಹಳೇ ಕ್ವಾರ್ಟರ್ಸ್ ಅಲ್ವಾ?

ಕ್ವಾರ್ಟರ್ಸೇ. ಆದರೂ ಖಂಡಿತ ಹೋಗಿ. ಅಲ್ಲಿ ಮನೆಗಳಿಗಿಂತ ಜನ ಬಾಳಿದ ರೀತಿ ನನಗೆ ಜಾಸ್ತಿ ಇಷ್ಟ.

ಲಂಡನ್‌–ಬ್ರಿಸ್ಟಲ್ ದಾರಿಯಲ್ಲಿ ಇಂಜಿನ್ ರಿಪೇರಿಗೆ ಗ್ರೇಟ್ ವೆಸ್ಟರ್ನ್ ರೈಲ್ವೆಗೆ ಒಂದು ಜಾಗ ಬೇಕಿತ್ತು. 1840ರಲ್ಲಿ ಆ ಕಂಪನಿಯ ಇಂಜಿನ್ ವಿಭಾಗದ ಮುಖ್ಯಸ್ಥ ಡೇನಿಯಲ್ ಗೂಚ್ ಸ್ವಿಂಡನ್ ತೋರಿಸಿದರು. 1843ರಲ್ಲಿ ವರ್ಕ್‌ಶಾಪ್ ಶುರುವಾಯಿತು. ಆಗ ಸ್ವಿಂಡನ್ ಅಂದರೆ ಗುಡ್ಡದ ಮೇಲಿನ ಸಣ್ಣ ಊರು, ಕೆಳಗೆಲ್ಲ ಹೊಲ. ಬೇರೆ ಬೇರೆ ಕಡೆಯಿಂದ ಬಂದ ಕೆಲಸಗಾರರಿಗಾಗಿ ಕಂಪನಿ ಸುಮಾರು 300 ಕಲ್ಲಿನ ಮನೆಗಳನ್ನು ಸಾಲಾಗಿ ಕಟ್ಟಿಸಿತು. ಬೀದಿಗಳಿಗೆ ಬ್ರಿಸ್ಟಲ್, ಎಕ್ಸೆಟರ್, ಟಾಂಟನ್, ರೀಡಿಂಗ್ ಅಂತ ರೈಲು ಹೋಗುವ ಊರುಗಳದ್ದೇ ಹೆಸರು.

ನನ್ನನ್ನು ಕೇಳಿದರೆ, ಈ ಊರಿನ ದೊಡ್ಡ ಸಾಧನೆ 1847ರ ಮೆಡಿಕಲ್ ಫಂಡ್. ಬಟವಾಡೆಯಲ್ಲಿ ಎಲ್ಲರಿಂದಲೂ ಸ್ವಲ್ಪ ಹಣ ಹಿಡಿಯುತ್ತಿದ್ದರು. ಅದರಿಂದ ಇಡೀ ಕುಟುಂಬಕ್ಕೆ ಡಾಕ್ಟರು, ಔಷಧಿ. 1870ರ ದಶಕದ ಹೊತ್ತಿಗೆ ಸ್ವಂತ ಆಸ್ಪತ್ರೆಯೂ ಬಂತು. ಆಮೇಲೆ ಮಿಲ್ಟನ್ ರಸ್ತೆಯಲ್ಲಿ ಔಷಧಾಲಯ, ಸ್ನಾನದ ಮನೆ, ಈಜುಕೊಳ ಎಲ್ಲ ಒಂದೇ ಸೂರಿನಡಿ. ದೇಶಕ್ಕೆಲ್ಲ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಂದಿದ್ದು 1948ರಲ್ಲಿ. ಅದಕ್ಕೂ ನೂರು ವರ್ಷ ಮೊದಲೇ ಇಲ್ಲಿನ ಜನ ಹುಷಾರು ತಪ್ಪಿದವರನ್ನು ನೋಡಿಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದರು! ಆ ನಿಧಿಯೇ ಎನ್‌ಎಚ್‌ಎಸ್‌ಗೆ ಮಾದರಿ ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ.

ಓದುವ ಹುಚ್ಚೂ ಇತ್ತು. ಕೆಲಸಗಾರರ ಸಂಘವಾದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್‌ನಲ್ಲಿ ಲೈಬ್ರರಿ, ಪಾಠ, ನಾಟಕ ನಡೆಯುತ್ತಿದ್ದವು. 1849ರಲ್ಲಿ ಅದರ ಸದಸ್ಯರು ರೈಲಿನಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ಬಂದರು. ಅಲ್ಲಿಂದ ‘ಟ್ರಿಪ್’ ಅನ್ನೋದು ವರ್ಷವರ್ಷದ ಹಬ್ಬವಾಯಿತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಉಚಿತ ಸ್ಪೆಷಲ್ ರೈಲುಗಳಲ್ಲಿ ಹೊರಡುತ್ತಿದ್ದರು, ಊರು ಖಾಲಿ. ಸಮುದ್ರ ತೀರದ ವೇಮತ್‌ನಲ್ಲಂತೂ ಎಲ್ಲಿ ನೋಡಿದರೂ ಸ್ವಿಂಡನ್‌ನವರೇ. ಟಿಕೆಟ್ ಉಚಿತ ನಿಜ, ಆದರೆ ಬಹಳ ಕಾಲ ಆ ರಜೆಗೆ ಸಂಬಳ ಇರಲಿಲ್ಲ. ವರ್ಷವಿಡೀ ಕಾಸು ಕೂಡಿಟ್ಟೇ ಹೋಗಬೇಕಿತ್ತು.

1986ರಲ್ಲಿ ವರ್ಕ್‌ಶಾಪ್ ಮುಚ್ಚಿತು. ಅದರ ಒಂದು ಕಟ್ಟಡದಲ್ಲೇ ಈಗ ‘ಸ್ಟೀಮ್’ ಮ್ಯೂಸಿಯಂ ಇದೆ. ಲಂಡನ್‌ನ ಪ್ಯಾಡಿಂಗ್ಟನ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ, ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಮನೆಗಳಲ್ಲಿ ಇವತ್ತಿಗೂ ಜನ ವಾಸವಿದ್ದಾರೆ, ಕಿಟಕಿಯೊಳಗೆ ಇಣುಕಿ ಫೋಟೋ ತೆಗೆಯಬೇಡಿ.