ಧ್ರುವದ ಕತ್ತಲಲ್ಲಿ ಸೊಪ್ಪು ಮೇಯುತ್ತಿದ್ದ ಡೈನೊಸಾರ್

ಪ್ರಶ್ನೆ: ಧ್ರುವ ಪ್ರದೇಶದಲ್ಲೂ ಸಸ್ಯಾಹಾರಿ ಡೈನೊಸಾರ್‌ಗಳಿದ್ದವಂತೆ. ವಾರಗಟ್ಟಲೆ ಸೂರ್ಯನೇ ಕಾಣದ ಚಳಿಗಾಲದಲ್ಲಿ ಅವು ವಲಸೆ ಹೋಗುತ್ತಿದ್ದವೇ?

ಉತ್ತರ: ಚಿಕ್ಕ ಜಾತಿಗಳು ಅಲ್ಲೇ ಉಳಿಯುತ್ತಿದ್ದವು ಎನ್ನಲು ಒಳ್ಳೆಯ ಸಾಕ್ಷ್ಯವಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ಕಡಲಂಚಿನ ಡೈನೊಸಾರ್ ಕೋವ್‌ನಲ್ಲಿ ಸಿಕ್ಕ ಲಿಯೆಲಿನಸಾರಾ ಎಂಬ ಚಿಕ್ಕ ಸಸ್ಯಾಹಾರಿ ಡೈನೊಸಾರನ್ನೇ ನೋಡಿ. ಪಳೆಯುಳಿಕೆ ವಿಜ್ಞಾನಿಗಳಾದ ಟಾಮ್ ರಿಚ್, ಪೆಟ್ರೀಷಿಯಾ ವಿಕರ್ಸ್-ರಿಚ್ ದಂಪತಿ 1989ರಲ್ಲಿ ಅದಕ್ಕೆ ತಮ್ಮ ಮಗಳ ಹೆಸರಿಟ್ಟರು. ಅಲ್ಲಿನ ಬಂಡೆ ಎಷ್ಟು ಗಟ್ಟಿಯೆಂದರೆ, ಸಿಡಿಮದ್ದಿಟ್ಟು ಗಣಿಯಂತೆ ಸುರಂಗ ಕೊರೆದೇ ಮೂಳೆ ತೆಗೆಯಬೇಕಾಯಿತು. ಅದು ಬದುಕಿದ್ದ 10–11 ಕೋಟಿ ವರ್ಷಗಳ ಹಿಂದೆ ಆಸ್ಟ್ರೇಲಿಯಾ ಇನ್ನೂ ಅಂಟಾರ್ಕ್ಟಿಕಾಕ್ಕೆ ಅಂಟಿಕೊಂಡಿತ್ತು. ಈ ಜಾಗ ದಕ್ಷಿಣ ಧ್ರುವವೃತ್ತದೊಳಗಿತ್ತು. ಆದರೆ ಇಂದಿನ ಅಂಟಾರ್ಕ್ಟಿಕಾದಂತೆ ಬರೀ ಹಿಮವಲ್ಲ. ಜರೀಗಿಡ, ಗಿಂಕೊ, ಸೂಚಿಪರ್ಣಿ ಮರಗಳ ಕಾಡಿತ್ತು.

ವಲಸೆಯ ವಾದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ಇನ್ನೊಂದು ತುದಿಯಿಂದ, ಉತ್ತರ ಅಲಾಸ್ಕಾದಿಂದ. ಸುಮಾರು 7 ಕೋಟಿ ವರ್ಷ ಹಳೆಯ ಅಲ್ಲಿನ ಪದರಗಳಲ್ಲಿ ಆಗಷ್ಟೇ ಮೊಟ್ಟೆಯೊಡೆದ ಮರಿಗಳ ಮೂಳೆ, ಒಂದೆರಡು ಮಿಲಿಮೀಟರಿನ ಹಲ್ಲುಗಳು ಸಿಕ್ಕಿದ್ದನ್ನು 2021ರಲ್ಲಿ ಪ್ರಕಟಿಸಲಾಯಿತು. ಕೆಲವು ಸಸ್ಯಾಹಾರಿ ಡೈನೊಸಾರ್‌ಗಳ ಮೊಟ್ಟೆ ಮರಿಯಾಗಲು ಮೂರರಿಂದ ಆರು ತಿಂಗಳು ಬೇಕಿತ್ತು. ವಸಂತದಲ್ಲಿ ಇಟ್ಟ ಮೊಟ್ಟೆ ಒಡೆಯುವಷ್ಟರಲ್ಲಿ ಬೇಸಿಗೆ ಮುಗಿಯುತ್ತ ಬಂದಿರುತ್ತದೆ. ಅಂಗೈಯಗಲದ ಮರಿ ಸಾವಿರಾರು ಕಿಲೋಮೀಟರ್ ನಡೆಯುವುದು ಎಲ್ಲಿಂದ ಬಂತು?

ಪ್ರಶ್ನೆ: ಕತ್ತಲಲ್ಲಿ ನೋಡಲೆಂದೇ ಲಿಯೆಲಿನಸಾರಾಕ್ಕೆ ದೊಡ್ಡ ಕಣ್ಣಿತ್ತು ಎನ್ನುವುದು ನಿಜವೇ?

ಉತ್ತರ: ಇದನ್ನು ಪೂರ್ತಿ ನಂಬಬೇಡಿ. ತಲೆಬುರುಡೆಯೊಳಗಿನ ಮಿದುಳಿನ ಅಚ್ಚಿನಲ್ಲಿ ದೃಷ್ಟಿಗೆ ಸಂಬಂಧಿಸಿದ ಉಬ್ಬುಗಳು ದೊಡ್ಡದಾಗಿ ಕಾಣುವುದು ನಿಜ. ಆದರೆ ಅದು ಮರಿಯ ಬುರುಡೆ. ಯಾವ ಪ್ರಾಣಿಯ ಮರಿಗೂ ಮುಖಕ್ಕೆ ಹೋಲಿಸಿದರೆ ಕಣ್ಣು ದೊಡ್ಡದೇ.

ಪ್ರಶ್ನೆ: ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುತ್ತಿತ್ತೇ ಎಂದು ಮೂಳೆಯಿಂದ ಹೇಗೆ ತಿಳಿಯುತ್ತಾರೆ?

ಉತ್ತರ: ತೊಡೆಮೂಳೆಯ ನಡುಭಾಗದಿಂದ ವಜ್ರದ ಗರಗಸದಲ್ಲಿ ಅಡ್ಡಬಿಲ್ಲೆ ಕೊಯ್ದು, ಗಾಜಿಗೆ ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ, ಅಂದರೆ 0.1 ಮಿಲಿಮೀಟರಿಗಿಂತ ಕಡಿಮೆಗೆ, ಉಜ್ಜುತ್ತಾರೆ. ಬೆಳವಣಿಗೆ ನಿಂತಾಗಲೆಲ್ಲ ಮೂಳೆಯಲ್ಲಿ ಮರದ ಉಂಗುರದಂಥ ಗೆರೆ ಮೂಡುತ್ತದೆ. ಮೋಸ ಹೋಗುವುದು ಎಣಿಸುವಾಗ: ಪ್ರಾಣಿ ಬೆಳೆದಂತೆ ಮಜ್ಜೆಯ ಪೊಳ್ಳು ಅಗಲವಾಗಿ ಒಳಗಿನ ಗೆರೆಗಳನ್ನು ಅಳಿಸುತ್ತದೆ, ವರ್ಷ ತುಂಬದ ಮರಿಯಲ್ಲಿ ಗೆರೆಯೇ ಇರುವುದಿಲ್ಲ. 1998ರ ಅಧ್ಯಯನದಲ್ಲಿ ವಿಕ್ಟೋರಿಯಾದ ಚಿಕ್ಕ ಸಸ್ಯಾಹಾರಿಗಳಲ್ಲಿ ಗೆರೆ ಕಾಣದೆ, ಅವು ಚಳಿಗಾಲದಲ್ಲೂ ಬೆಳೆಯುತ್ತಿದ್ದವು ಎಂದುಕೊಂಡಿದ್ದರು. 2011ರಲ್ಲಿ ಹೆಚ್ಚು ಮೂಳೆಗಳನ್ನು ಕೊಯ್ದಾಗ ಅವುಗಳಲ್ಲೂ ಗೆರೆಗಳು ಕಂಡವು. ಹಾಗೆಂದು ಅದು ಚಳಿನಿದ್ರೆಯ ಪುರಾವೆಯೂ ಅಲ್ಲ. ಬೆಚ್ಚನೆಯ ನಾಡಿನ ಡೈನೊಸಾರ್‌ಗಳ ಮೂಳೆಗಳಲ್ಲೂ ಅಂಥದೇ ಗೆರೆಗಳಿವೆ.