ಕಿವಿ ಆಪರೇಷನ್ನಿನಲ್ಲಿ ಕೂಡಿಸುವ ಮೂಳೆ ಪುಡಿ

ಪ್ರಶ್ನೆ: ನಮ್ಮ ತಂಗಿಗೆ ಎಡಗಿವಿ ವರ್ಷಗಟ್ಟಲೆ ಸೋರತೈತ್ರಿ, ವಾಸನೀನೂ ಐತಿ. ಹುಬ್ಬಳ್ಳ್ಯಾಗ ಡಾಕ್ಟರಿಗೆ ತೋರಿಸಿದ್ವಿ. ಕಿವಿ ಹಿಂದಿನ ಎಲುಬು ಕೊರದು, ಅದೇ ಪುಡಿ ಕೂಡಿಸಿ ಗುಂಡಿ ತುಂಬತೀವಿ ಅಂದ್ರು. ಹುಳುಕು ಎಲುಬಿನ ಪುಡಿ ತಿರುಗಿ ಒಳಗ ಹಾಕಿದ್ರ ರೋಗ ಉಳಿಯೂದಿಲ್ಲೇನ್ರೀ?
– ಓದುಗರು, ಗದಗ

ಉತ್ತರ (ಕಿವಿ-ಮೂಗು-ಗಂಟಲು ತಜ್ಞರು): ಹುಳುಕು ಮೂಳೆಯದನ್ನು ಹಾಕಿದರೆ ಖಂಡಿತ ಉಳಿಯುತ್ತದೆ. ಅದಕ್ಕೇ ಪುಡಿ ಕೂಡಿಸುವುದನ್ನು ಆಪರೇಷನ್ನಿನ ಶುರುವಿನಲ್ಲೇ ಮುಗಿಸುತ್ತೇವೆ. ಕಿವಿಯ ಹಿಂದೆ ಬೆರಳಿಟ್ಟರೆ ಗಟ್ಟಿ ಉಬ್ಬು ಸಿಗುತ್ತದಲ್ಲ, ಆ ಮೂಳೆಯ ಹೊರಪದರಕ್ಕೆ ಸಾಮಾನ್ಯವಾಗಿ ರೋಗ ಮುಟ್ಟಿರುವುದಿಲ್ಲ. ಅಲ್ಲಿನ ಪುಡಿ ಮಾತ್ರ ಬೇಕು. ಒಳಗಿನ ಗೂಡುಗೂಡಾದ ಭಾಗ ಕಂಡಿತೋ, ಕೂಡಿಸುವುದು ಬಂದ್. ಮುಂದಿನದೆಲ್ಲ ಸಕ್ಷನ್ ಪೈಪಿನಲ್ಲಿ ಹೊರಗೆ.

ಗಿರಣಿಯಿಂದ ಈಗಷ್ಟೇ ತಂದ ಜೋಳದ ಹಿಟ್ಟಿನ ಡಬ್ಬಿ ಮುಟ್ಟಿದರೆ ಬಿಸಿ ಇರುತ್ತದೆ. ಡ್ರಿಲ್ಲಿನ ಕೆಳಗೆ ಮೂಳೆಯೂ ಹಾಗೇ ಕಾಯುತ್ತದೆ. 47 ಡಿಗ್ರಿ ಬಿಸಿ ಒಂದು ನಿಮಿಷ ತಾಗಿದರೂ ಮೂಳೆಯ ಜೀವಕೋಶಕ್ಕೆ ಪೆಟ್ಟು. ಆದ್ದರಿಂದ ಸಲೈನ್ ನೀರು ಬಿಡುತ್ತಲೇ ಕೊರೆಯಬೇಕು. ಡ್ರಿಲ್ಲಿನ ತುದಿಗೆ ಹಾಕುವ ಕೊರೆಯುವ ಗುಂಡಿಗೆ ಬರ್ ಅನ್ನುತ್ತಾರೆ; ನುಣುಪು ವಜ್ರದ ಬರ್‌ಗಿಂತ ಹಲ್ಲುಳ್ಳ ದಪ್ಪ ಬರ್ ಮೇಲು. ಪುಡಿ ತುಸು ತರಿತರಿಯಾಗಿ ಬರುತ್ತದೆ. ನೀರಿನೊಟ್ಟಿಗೆ ಬಂದದ್ದನ್ನು ಸಕ್ಷನ್ನಿಗೆ ಕೂಡಿಸಿದ ಜಾಲರಿ ಹಿಡಿದಿಡುತ್ತದೆ. ನೀರು ಹಿಂಡಿ ತೆಗೆದರೆ ನಸುಗೆಂಪು, ಒದ್ದೆ ಹಿಟ್ಟಿನ ಮುದ್ದೆ. ಒಣಗಲು ಬಿಡದೆ ಪುಟ್ಟ ಬಟ್ಟಲಲ್ಲಿ ಮುಚ್ಚಿಡುತ್ತೇವೆ. ರೋಗವೆಲ್ಲ ತೆಗೆದ ಮೇಲೆ ಅದನ್ನು ಗುಂಡಿಗೆ ಒತ್ತಿ, ಮೇಲೆ ಅದೇ ಜಾಗದ ಸ್ನಾಯುವಿನ ತೆಳು ಪೊರೆ ಹೊದಿಸುತ್ತೇವೆ.

ಗುಂಡಿ ಹಾಗೇ ಬಿಟ್ಟರೆ ಏನಂತೀರಾ? ಗುಗ್ಗೆ ಕೂಡುತ್ತದೆ, ಆಗಾಗ ವೈದ್ಯರ ಹತ್ತಿರ ಹೋಗಿ ತೆಗೆಸಬೇಕು, ತಣ್ಣೀರು ಹೊಕ್ಕರೆ ತಲೆ ತಿರುಗುತ್ತದೆ. ತುಂಬಿಸಿಕೊಂಡವರಿಗೆ ಈ ಕಾಟ ಕಡಿಮೆ.

ಇದೇ ಪುಡಿ ಬೇಡದ ಕಡೆ ಉಳಿದರೆ ತಂಟೆ. ಶಬ್ದ ಸಾಗಿಸುವ ಸಣ್ಣ ಮೂಳೆಗಳ ಸುತ್ತ ಕೂತು ಹೊಸ ಮೂಳೆ ಬೆಳೆದರೆ ಅವು ಬಿಗಿದುಕೊಳ್ಳಬಹುದು, ಕೇಳುವುದು ಕುಗ್ಗುತ್ತದೆ. ಹೀಗಾಗಿ ಕೊನೆಗೆ ಅಲ್ಲೆಲ್ಲ ಚೆನ್ನಾಗಿ ತೊಳೆಯುತ್ತೇವೆ.

ನಿಮ್ಮ ಡಾಕ್ಟರನ್ನು ಇನ್ನೊಂದು ಮಾತು ಕೇಳಿ: ಮುಂದೆ ಎಮ್‌ಆರ್‌ಐ ಯಾವಾಗ? ರೋಗದ ಚೂರು ಪುಡಿಯಡಿ ಉಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಕಿವಿ ಒಣಗಿತೆಂದು ತಪಾಸಣೆ ಬಿಡಬೇಡಿ. ಪುಡಿಗೆ ಸೋಂಕು ತಗಲಿ ಕರಗಿಹೋಗುವುದೂ ಉಂಟು. ಆಪರೇಷನ್ ಆದಮೇಲೆ ಕಿವಿ ಹಿಂದೆ ಬಾವು, ಜ್ವರ, ಮತ್ತೆ ಸೋರಿಕೆ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ.